ಹದಿನಾಲ್ಕು ಫೈಲು, ಎರಡೆರಡು ಗಂಟು

ಎದೆರೋಗದ ಹೆಂಗಸರ ವಾರ್ಡಿನಲ್ಲಿ ಯಾರಿಗೆ ಯಾವ ಕಾಯಿಲೆ ಎಂದು ತಿಳಿಯಲು ಮೂರು ದಾರಿಗಳಿದ್ದವು. ಕಫದ ಪರೀಕ್ಷೆಗೆ ಎರಡು ದಿನ ಹಿಡಿಯುತ್ತಿತ್ತು. ರಕ್ತದ ಪರೀಕ್ಷೆಗೆ ರೋಗಿ ಒಪ್ಪಬೇಕಿತ್ತು, ತಿಳಿಹೇಳಿ ಒಪ್ಪಿಸುವ ಮೇಷ್ಟ್ರು ರಜೆ ಹಾಕಿರಬಾರದಿತ್ತು, ಪರೀಕ್ಷೆಯ ಕಿಟ್ಟು ಮುಗಿದಿರಬಾರದಿತ್ತು. ಮೂರನೆಯದು ಆಯಮ್ಮನ ಕಣ್ಣು. ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ರೋಗಿಯ ಗಾಲಿಕುರ್ಚಿ ಬಾಗಿಲು ದಾಟುವಷ್ಟರಲ್ಲಿ ತೀರ್ಪು ಸಿದ್ಧವಾಗಿರುತ್ತಿತ್ತು.

"ಇವಳಿಗೆ ಬರೀ ಎದೆ. ಆರನೇ ಮಂಚ," ಎನ್ನುವಳು. ಇಲ್ಲವೇ ಕೆನ್ನೆಯ ಎಲುಬು, ಮೊಣಕೈ, ಜೊತೆಗೆ ಬಂದವರ ಮುಖ ಇಷ್ಟನ್ನು ನೋಡಿ, ದನಿ ತಗ್ಗಿಸಿ, "ಇದು ಜೋಡಿ. ಕೊನೇ ಮಂಚ," ಎನ್ನುವಳು.

ಜೋಡಿ ಎಂದರೆ ಕ್ಷಯದ ಜೊತೆಗೆ ಎಚ್‌ಐವಿಯೂ ಇರುವವರು. ಇಪ್ಪತ್ತಾರು ವರ್ಷ ಅದೇ ವಾರ್ಡಿನಲ್ಲಿ ನೆಲ ಒರೆಸಿ, ಹಾಸಿಗೆ ಬದಲಿಸಿ, ಕಫದ ಡಬ್ಬಿ ಹೊತ್ತು ಗಳಿಸಿದ ವಿದ್ಯೆ ಅದು. ಇಡೀ ಆಸ್ಪತ್ರೆ ಬೆನ್ನ ಹಿಂದೆ ಅವಳನ್ನು ಕಣ್ಣಳತೆಯಮ್ಮ ಎಂದು ಕರೆಯುತ್ತಿತ್ತು. ಎದುರಿಗೇ ಕರೆದಿದ್ದರೂ ಬೇಸರಪಡುತ್ತಿರಲಿಲ್ಲ. ಅದನ್ನು ಅವಳು ಬಿರುದು ಎಂದೇ ಎಣಿಸಿದ್ದಳು.

ಯಾರ ಫೈಲಿನ ಮೇಲೂ ಕಾಯಿಲೆಯ ಗುರುತು ಹಾಕುವಂತಿಲ್ಲ ಎಂಬ ಸುತ್ತೋಲೆ ವಾರ್ಡಿನ ಗೋಡೆಗೆ ಅಂಟಿಕೊಂಡಿತ್ತು. ಅದರಲ್ಲಿ ಇನ್ನೊಂದು ಸಾಲೂ ಇತ್ತು: ಯಾರಿಗೆ ಏನಿದೆ ಎಂದು ನೋಡದೆ ಎಲ್ಲ ರೋಗಿಗಳನ್ನೂ ಒಂದೇ ಎಚ್ಚರಿಕೆಯಿಂದ ನೋಡಿಕೊಳ್ಳತಕ್ಕದ್ದು, ಎಲ್ಲರ ರಕ್ತಕ್ಕೂ ಕೈಗವಸು ತೊಡತಕ್ಕದ್ದು. ಆ ಸಾಲಿನ ಮೇಲೆ ಯಾವುದೋ ಟಾನಿಕ್ಕಿನ ಕ್ಯಾಲೆಂಡರು ನೇತಾಡುತ್ತಿದ್ದುದರಿಂದ ಅದನ್ನು ಯಾರೂ ಓದಿರಲಿಲ್ಲ. ಓದಿದ್ದರೂ ಅಷ್ಟೇ. ಹದಿನಾಲ್ಕು ಮಂಚಕ್ಕೂ ಕೈಗವಸು ತೊಡುತ್ತ ಬಿಚ್ಚುತ್ತ ಕೂತರೆ ಟೀ ಕುಡಿಯುವುದು ಯಾವಾಗ? ಯಾರಿಗೆ ಹೆದರಬೇಕು ಎಂಬುದೊಂದು ಗೊತ್ತಾದರೆ ಉಳಿದವರ ಹತ್ತಿರ ಹಾಯಾಗಿರಬಹುದಲ್ಲ.

ಈ ತೊಡಕು ಬಿಡಿಸಿದವಳು ಆಯಮ್ಮ. ಫೈಲುಗಳನ್ನು ಕಟ್ಟುವ ಬಿಳಿ ದಾರಕ್ಕೆ ಬರೀ ಎದೆಯವರಾದರೆ ಒಂದು ಗಂಟು, ಜೋಡಿಯಾದರೆ ಒಂದರ ಮೇಲೆ ಇನ್ನೊಂದು. ಗಂಟು ಗುರುತಲ್ಲ, ಗಂಟು ಗಂಟಷ್ಟೇ. ಯಾವ ಸಾಹೇಬರು ಬಂದು ತಪಾಸಣೆ ಮಾಡಿದರೂ ಕೈಗೆ ಸಿಗುವುದಿಲ್ಲ. ಹೆಡ್ ಸಿಸ್ಟರು ಮೊದಲ ಸಲ ಅದನ್ನು ಕೇಳಿದಾಗ, "ಆಯಮ್ಮ, ನೀವು ಓದಿದ್ದಿದ್ರೆ ನಮ್ಮನ್ನೆಲ್ಲ ಆಳ್ತಿದ್ರಿ," ಎಂದಿದ್ದರು. ಆ ಒಂದು ಮಾತಿನ ಮೇಲೆ ಆಯಮ್ಮ ಒಂಬತ್ತು ವರ್ಷ ಬೀಗಿದಳು.

ಹೀಗೆ ಅದು ಆಸ್ಪತ್ರೆಯ ದೊಡ್ಡ ಗುಟ್ಟಾಯಿತು. ಎಷ್ಟು ದೊಡ್ಡ ಗುಟ್ಟೆಂದರೆ ಲಿಫ್ಟಿನವನಿಗೆ ಗೊತ್ತು, ಅಗಸರಿಗೆ ಗೊತ್ತು, ಗೇಟಿನಾಚೆ ಬಾಳೆಹಣ್ಣು ಮಾರುವವಳಿಗೂ ಗೊತ್ತು. ಎರಡು ಗಂಟಿನವರ ಊಟದ ತಟ್ಟೆಯನ್ನು ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋಗುವುದು. ಅವರ ಹಾಸಿಗೆ ಕೊನೆಗೆ ಬದಲಿಸುವುದು, ಬದಲಿಸಿದರೆ. ಅವರ ಮಂಚ ಕಕ್ಕಸಿನ ಗೋಡೆಗೆ ತಾಗಿ, ಕಿಟಕಿಯ ಕೆಳಗೆ. ಒಂದು ಗಂಟಿನವರು ಮಾತ್ರ ಆಯಮ್ಮನ ಮನೆಮಂದಿ. ಅವರ ಮಂಚದ ಮೇಲೆಯೇ ಕಾಲು ಚಾಚಿ ಕೂತು, ಬಾಯಿ ಮೂಗು ಏನನ್ನೂ ಮುಚ್ಚಿಕೊಳ್ಳದೆ, ಮುಖಕ್ಕೆ ಮುಖ ಕೊಟ್ಟು ಸೊಸೆಯರ ಸುದ್ದಿ ಕೇಳುವಳು. ಅವರು ಕೆಮ್ಮುವರು, ಇವಳು ಬೆನ್ನು ಸವರುವಳು. ತಟ್ಟೆಯಿಂದ ಎಚ್‌ಐವಿ ಅಂಟುವುದಿಲ್ಲ, ಕೆಮ್ಮಿನಿಂದ ಕ್ಷಯ ಖಂಡಿತ ಅಂಟುತ್ತದೆ ಎಂದು ಚಿಕ್ಕ ಡಾಕ್ಟರಮ್ಮ ನೂರು ಸಲ ಹೇಳಿದ್ದಳು. ಆದರೆ ಈ ಡಾಕ್ಟರಮ್ಮ ಬಂದು ಇನ್ನೂ ಏಳು ತಿಂಗಳು, ಆಯಮ್ಮ ಬಂದು ಇಪ್ಪತ್ತಾರು ವರ್ಷ. ಇಡೀ ವಾರ್ಡಿನಲ್ಲಿ ಗಾಳಿಯಾಡುವ ಜಾಗ ಇದ್ದದ್ದು ಆ ಕಿಟಕಿಯ ಕೆಳಗೆ ಮಾತ್ರ. ಅದನ್ನು ಅವಳು ಶಿಕ್ಷೆ ಎಂದು ಎರಡು ಗಂಟಿನವರಿಗೆ ಕೊಟ್ಟು, ತಾನು ಮುಚ್ಚಿದ ಮೂಲೆಯಲ್ಲಿ ಸುರಕ್ಷಿತವಾಗಿ ಕೂತಿದ್ದಳು.

ಕಣ್ಣಳತೆ ತಪ್ಪುತ್ತಿರಲಿಲ್ಲವೇ? ತಪ್ಪುತ್ತಿತ್ತು. ಬಡಕಲು ಸಂಗೀತದ ಟೀಚರೊಬ್ಬರಿಗೆ ಬಾಗಿಲಲ್ಲೇ ಎರಡು ಗಂಟು ಬಿತ್ತು. ವರದಿಯಲ್ಲಿ ಅವರಿಗಿದ್ದದ್ದು ಕ್ಷಯ ಮತ್ತು ಸಕ್ಕರೆ ಕಾಯಿಲೆ. "ಎರಡಿದೆಯಲ್ಲ, ಲೆಕ್ಕ ಸರಿಯೇ ಆಯ್ತು," ಎಂದಳು ಆಯಮ್ಮ, ಗಂಟು ಬಿಚ್ಚಲಿಲ್ಲ. ಇಸ್ತ್ರಿ ಮುರಿಯದ ಬಟ್ಟೆಯ, ದುಂಡು ಮುಖದ ಗುತ್ತಿಗೆದಾರರ ಹೆಂಡತಿಗೆ ಒಂದೇ ಗಂಟು ಬಿತ್ತು. ಅವರ ವರದಿಯಲ್ಲಿ ಎರಡೂ ಇತ್ತು. "ಮೆಷಿನ್ನು ಹಳೇದು, ಏನೇನೋ ಹೇಳುತ್ತೆ," ಎಂದು ಆ ಗಂಟನ್ನೂ ಹಾಗೇ ಬಿಟ್ಟಳು.

ಈ ಕಣ್ಣು ಒಬ್ಬನನ್ನು ಮಾತ್ರ ನೋಡಿರಲಿಲ್ಲ. ಅವಳ ಗಂಡನನ್ನು.

ಲಿಫ್ಟು ರಿಪೇರಿ ಮಾಡುತ್ತಿದ್ದ ಅವನು ಎಂಟು ವರ್ಷದ ಹಿಂದೆ ತಿಂಗಳುಗಟ್ಟಲೆ ಜ್ವರದಲ್ಲಿ ಬೆಂದು, ಕೆಮ್ಮಿ ಕೆಮ್ಮಿ ಕಡ್ಡಿಯಾದ. ಆಯಮ್ಮ ಅವನನ್ನು ತನ್ನ ಆಸ್ಪತ್ರೆಗೆ ಕರೆತರಲಿಲ್ಲ. ಮಗಳನ್ನೂ ಕರೆದುಕೊಂಡು, ಎರಡು ಬಸ್ಸು ಬದಲಿಸಿ ಇನ್ನೊಂದು ಊರಿನ ಆಸ್ಪತ್ರೆಗೆ ಸೇರಿಸಿದಳು. "ಇಲ್ಲಿಯವರು ಕೆಲಸಗಳ್ಳರು" ಎಂದು ಕಾರಣ ಕೊಟ್ಟಳು. ಆ ಆಸ್ಪತ್ರೆಯಲ್ಲಿ ಗಂಟುಗಳಿರಲಿಲ್ಲ. ಆದರೆ ಎರಡನೇ ದಿನ ಮಧ್ಯಾಹ್ನ ಅಲ್ಲಿಯ ಆಯಾ ಗಂಡನ ತಟ್ಟೆಯನ್ನು ತಂದು, ಕೈಗೆ ಕೊಡದೆ, ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದಳು. ಆಯಮ್ಮ ಅದನ್ನು ನೋಡಿದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಎದ್ದು ಹೋಗಿ ತಟ್ಟೆ ತಂದು ಗಂಡನಿಗೆ ತುತ್ತು ಕೊಟ್ಟಳು. ಹದಿನೆಂಟು ದಿನಕ್ಕೆ ಅವನು ತೀರಿಕೊಂಡ. ವಾಪಸು ಬಂದು ಕೇಳಿದವರಿಗೆಲ್ಲ ಕಾಮಾಲೆ ಎಂದು ಹೇಳಿದಳು. ಮರುವಾರ ಕೆಲಸಕ್ಕೆ ಬಂದವಳು ಕೊನೇ ಮಂಚದವಳ ತಟ್ಟೆಯನ್ನು ಎಂದಿನಂತೆ ಕಟ್ಟೆಯ ಮೇಲೆ ಇಟ್ಟಳು. ಮನುಷ್ಯರು ಕಲಿಯುತ್ತಾರೆ ಎನ್ನುವವರು ಯಾವ ಆಸ್ಪತ್ರೆಯಲ್ಲೂ ಕೆಲಸ ಮಾಡಿದವರಲ್ಲ.

ಈಗ ಅವಳಿಗೇ ಕೆಮ್ಮು ಹತ್ತಿತು. ಮೊದಲ ವಾರ ತಪ್ಪನ್ನು ಫಿನಾಯಿಲಿನ ಮೇಲೆ ಹಾಕಿದಳು, ಎರಡನೇ ವಾರ ಹೊಸ ಸೋಪಿನ ಪುಡಿಯ ಮೇಲೆ. ನಾಲ್ಕನೇ ವಾರ ಡಾಕ್ಟರಮ್ಮ ಅವಳ ಕೈಗೇ ಕಫದ ಡಬ್ಬಿ ಕೊಟ್ಟಳು. ಸಾವಿರಾರು ಡಬ್ಬಿ ಹಂಚಿದವಳು ಅದನ್ನು ಹಿಡಿಯಲು ಬಾರದವಳಂತೆ ಹಿಡಿದುಕೊಂಡಳು. ಕ್ಷಯ ಎಂದು ಬಂತು.

ಅದಕ್ಕವಳು ಹೆದರಲಿಲ್ಲ. ಮಾತ್ರೆ ನುಂಗಿದರೆ ಆರು ತಿಂಗಳಿಗೆ ವಾಸಿ. ಸಾವಿರ ಜನರಿಗೆ ಅವಳೇ ಹೇಳಿದ್ದಳು. ತನ್ನ ವಾರ್ಡಿನಲ್ಲೇ ಫ್ಯಾನಿನ ಕೆಳಗಿನ ನಾಲ್ಕನೇ ಮಂಚ ಆರಿಸಿಕೊಂಡಳು. ತನ್ನ ಫೈಲನ್ನು ತಾನೇ ಕೇಳಿ ಪಡೆದು, ದಾರಕ್ಕೆ ಒಂದು ಗಂಟು ಹಾಕಿ, ಹಲ್ಲಿನಿಂದ ಎಳೆದು ಬಿಗಿಮಾಡಿದಳು. ಅಷ್ಟಕ್ಕೇ ನಿಲ್ಲಬೇಕು ಎಂಬುದೇ ಅವಳ ಆಸೆ.

ಆದರೆ ಕ್ಷಯ ಬಂದ ಪ್ರತಿಯೊಬ್ಬರಿಗೂ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಕೇಳುವುದು ನಿಯಮ. ಕೇಳಲು ಬಂದವರು ಮೇಷ್ಟ್ರು. ಪಾಠ ಮಾಡುವ ಮೇಷ್ಟ್ರಲ್ಲ. ರೋಗಿಗಳನ್ನು ಕೂರಿಸಿಕೊಂಡು ತಿಳಿಹೇಳುವುದು ಅವರ ಕೆಲಸ. ಅವರ ಕೋಣೆ ಎಂದರೆ ಎಕ್ಸರೇ ಸಾಲಿನ ಪಕ್ಕದ ಪ್ಲೈವುಡ್ಡಿನ ಗೂಡು. "ಇದು ನನ್ನ ನಿಮ್ಮ ನಡುವೆ ಮಾತ್ರ" ಎಂದು ಅವರು ಒಳಗೆ ಹೇಳಿದರೆ ಹೊರಗಿನ ಸಾಲಿನಲ್ಲಿ ಕೂತವರೆಲ್ಲ ತಲೆಯಾಡಿಸುತ್ತಿದ್ದರು.

"ಆಯಮ್ಮ, ಒಂದೇ ಒಂದು ಹನಿ ರಕ್ತ," ಎಂದರು ಮೇಷ್ಟ್ರು.

"ಯಾಕೆ ಸ್ವಾಮಿ, ನನ್ನ ನೋಡಿದ್ರೆ ಹಾಗೆ ಕಾಣಿಸುತ್ತಾ?"

"ನೋಡಿದ್ರೆ ಗೊತ್ತಾಗಲ್ಲಮ್ಮ."

"ನಿಮಗೆ ಗೊತ್ತಾಗಲ್ಲ. ನಂಗೆ ಗೊತ್ತಾಗುತ್ತೆ. ಹೋಗಿ, ಆರನೇ ಮಂಚದವಳನ್ನ ಕೇಳಿ."

ಮಗಳು ದಿನಾ ಸಂಜೆ ಜೆರಾಕ್ಸ್ ಅಂಗಡಿ ಮುಚ್ಚಿ ಬರುತ್ತಿದ್ದಳು. ಗಂಜಿ ಕುಡಿಸುವಳು, ತಲೆ ಬಾಚುವಳು, ಕೊನೆಗೆ ಒಂದೇ ಮಾತು: "ರಕ್ತ ಕೊಡಮ್ಮ." ಆಯಮ್ಮ ಗೋಡೆ ಕಡೆ ಹೊರಳುವಳು. ಅವಳಿಗೆ ಕಾಯಿಲೆಯ ಭಯವಿರಲಿಲ್ಲ, ಸಾವಿನ ಭಯವೂ ಅಷ್ಟಿರಲಿಲ್ಲ. ಎರಡನೇ ಗಂಟಿನ ಭಯವಿತ್ತು. ಅದು ಬಿದ್ದವರಿಗೆ ಏನೇನಾಗುತ್ತದೆ ಎಂದು ಅವಳಷ್ಟು ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ, ಮಾಡಿದವಳೇ ಅವಳು.

ಮೂರು ವಾರ ಕಳೆದರೂ ಜ್ವರ ಇಳಿಯಲಿಲ್ಲ. ನಾಲಗೆಯ ಮೇಲೆ, ಗಂಟಲೊಳಗೆ ಬಿಳಿ ಪದರ ಕಟ್ಟಿತು. ನೀರು ನುಂಗಿದರೆ ಕಣ್ಣಲ್ಲಿ ನೀರು. ಡಾಕ್ಟರಮ್ಮ ಮಂಚದ ಅಂಚಿಗೆ ಕೂತು ನೇರವಾಗಿ ಹೇಳಿದಳು: "ಆಯಮ್ಮ, ಬರೀ ಕ್ಷಯದ ಮಾತ್ರೆ ಸಾಲ್ತಿಲ್ಲ. ಜೊತೆಗೆ ಇನ್ನೊಂದಿದ್ರೆ ಅದಕ್ಕೂ ಬೇರೆ ಮಾತ್ರೆ ಇದೆ, ನುಂಗಿದ್ರೆ ಎದ್ದು ಓಡಾಡ್ತೀರ. ಗೊತ್ತಿಲ್ಲದೆ ಕೊಡೋಕಾಗಲ್ಲ. ಹೀಗೇ ಬಿಟ್ರೆ ಉಳಿಯಲ್ಲ."

ಆಯಮ್ಮ ಫ್ಯಾನು ನೋಡಿದಳು. ಅದೇ ಬಿಳಿ ನಾಲಗೆಯನ್ನು ಬಾಗಿಲಲ್ಲಿ ಕಂಡಿದ್ದರೆ ಅವಳು ಎರಡನೇ ಗಂಟು ಹಾಕಿ ಎಷ್ಟು ಹೊತ್ತಾಗಿರುತ್ತಿತ್ತೋ. ಕನ್ನಡಿಯಲ್ಲಿ ಕಂಡಾಗ ಅದು ಬರೀ ಉಷ್ಣ.

ಕೊನೇ ಮಂಚದಲ್ಲಿ ಒಬ್ಬ ಟೈಲರಮ್ಮ ಇದ್ದಳು. ಆಯಮ್ಮನೇ ಎರಡು ಗಂಟು ಹಾಕಿ ಕಿಟಕಿಯ ಕೆಳಗೆ ತಳ್ಳಿದ್ದವಳು. ಬಂದಾಗ ಬಟ್ಟೆಯಂತೆ ಮಡಚಿಕೊಂಡು ಬಿದ್ದಿದ್ದವಳು ಎರಡೂ ಬಗೆಯ ಮಾತ್ರೆ ನುಂಗಿ, ಕಿಟಕಿಯ ಗಾಳಿ ಕುಡಿದು, ಈಗ ವಾರ್ಡಿನಲ್ಲೆಲ್ಲ ಓಡಾಡಿಕೊಂಡಿದ್ದಳು. ಸಿಸ್ಟರುಗಳ ಕಿತ್ತುಹೋದ ಗುಂಡಿ ಹೊಲಿದುಕೊಡುತ್ತಿದ್ದಳು. ಗುಂಡಿಯನ್ನು ಅವರು ಕೈಯಿಂದ ಕೈಗೆ ತೆಗೆದುಕೊಳ್ಳುತ್ತಿದ್ದರು. ತಟ್ಟೆ ಮಾತ್ರ ಕಟ್ಟೆಯ ಮೇಲೇ ಇಡುತ್ತಿದ್ದರು.

ಅದೊಂದು ಬೆಳಗ್ಗೆ ಡಾಕ್ಟರಮ್ಮ ರೌಂಡ್ಸಿಗೆ ಬಂದಾಗ ಹೆಡ್ ಸಿಸ್ಟರು ಆಯಮ್ಮನ ಫೈಲನ್ನು ಅವಳ ಕಾಲ ಬಳಿ ಇಟ್ಟರು. ಆಯಮ್ಮನ ಕಣ್ಣು ಅಭ್ಯಾಸದಂತೆ ದಾರದ ಮೇಲೆ ಹೋಯಿತು. ಎರಡು ಗಂಟು.

ಅವಳು ಮೊಣಕೈ ಊರಿ ಎದ್ದು ಕೂತಳು. "ಇದ್ಯಾರು ಹಾಕಿದ್ದು?"

"ಏನನ್ನ?" ಎಂದಳು ಡಾಕ್ಟರಮ್ಮ.

"ಎರಡು ಗಂಟು. ನನ್ನ ಫೈಲಿಗೆ ಎರಡು ಗಂಟು ಯಾಕೆ? ನಾನು ರಕ್ತವೇ ಕೊಟ್ಟಿಲ್ಲ. ಕದ್ದು ನೋಡಿದ್ರಾ?"

"ಗಂಟಿಗೂ ರಕ್ತಕ್ಕೂ ಏನು ಸಂಬಂಧ ಆಯಮ್ಮ?"

ಹೆಡ್ ಸಿಸ್ಟರು ಫ್ಯಾನು ನೋಡಿದರು. ಇಬ್ಬರು ಸಿಸ್ಟರುಗಳು ಕ್ಯಾಲೆಂಡರಿನಲ್ಲಿ ತಾರೀಖು ಹುಡುಕಿದರು. ಆಯಮ್ಮ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಒಂಬತ್ತು ವರ್ಷ ಜೊತೆಗೆ ಗುಟ್ಟು ಕಾದವರು. ಇಲ್ಲದ ಗುರುತಿಗೆ ಅರ್ಥ ಹೇಳಲಾಗುತ್ತದೆಯೇ?

"ಹೆಡ್ ಸಿಸ್ಟರೇ, ನೀವು ಹೇಳಿ."

"ಜ್ವರ ಜಾಸ್ತಿ ಆಗಿದೆ ಡಾಕ್ಟರ್, ಏನೇನೋ ಬಡಬಡಿಸ್ತಾರೆ," ಎಂದರು ಹೆಡ್ ಸಿಸ್ಟರು.

ಆ ಮಾತು ಆಯಮ್ಮನನ್ನು ಚುಚ್ಚಿತು. "ಕರೀರಿ ಆ ಮೇಷ್ಟ್ರನ್ನ," ಎಂದಳು. "ರಕ್ತ ತಗೊಳ್ಳಿ, ಎಷ್ಟು ಬೇಕೋ ಅಷ್ಟು ತಗೊಳ್ಳಿ. ಇಲ್ಲ ಅಂತ ಬರುತ್ತೆ. ಬಂದ ಮೇಲೆ ಇದನ್ನ ಹಾಕಿದವರ ಕೈಯಲ್ಲೇ ಬಿಚ್ಚಿಸ್ತೀನಿ." ಮೂರು ವಾರ ಮಗಳು ಬೇಡಿ, ಡಾಕ್ಟರು ಹೆದರಿಸಿ ಆಗದ ಕೆಲಸ ಅರ್ಧ ಗಜ ದಾರದಿಂದ ಆಯಿತು. ಮೇಷ್ಟ್ರು ಓಡಿ ಬಂದರು, ಒಪ್ಪಿಗೆಯ ಕಾಗದಕ್ಕೆ ಸಹಿ ಬಿತ್ತು, ರಕ್ತ ಲ್ಯಾಬಿಗೆ ಹೋಯಿತು.

ಮಧ್ಯಾಹ್ನ ಊಟ ಬಂತು. ಆಯಮ್ಮನ ಬದಲಿಗೆ ಕೆಳಗಿನ ವಾರ್ಡಿನಿಂದ ಬಂದಿದ್ದ ಆಯಾ ಹೊಸ ಕೈಗವಸು ತೊಟ್ಟು, ಗಾಬರಿಯಲ್ಲಿ ತಟ್ಟೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಜೋಡಿಸುತ್ತಿದ್ದಳು. ಒಂದು, ಎರಡು, ಐದು. ಕಟ್ಟೆ ತುಂಬಿತು. ಉಳಿದ ತಟ್ಟೆಗಳನ್ನು ಹಿಡಿದುಕೊಂಡು ನಿಂತು, "ಸಿಸ್ಟರ್, ಜಾಗ ಸಾಲ್ತಿಲ್ಲ," ಎಂದಳು. ಸಿಸ್ಟರುಗಳೂ ಅಂದು ಕೈಗವಸು ತೊಟ್ಟೇ ಇದ್ದರು, ಪ್ರತಿ ಮಂಚಕ್ಕೂ ಹೊಸದು. ಎಲ್ಲರ ಮೂಗಿನ ಮೇಲೂ ಮಾಸ್ಕು. ಸುತ್ತೋಲೆ ಬಂದು ಒಂಬತ್ತು ವರ್ಷದಲ್ಲಿ ಆ ವಾರ್ಡು ನಿಯಮದಂತೆ ನಡೆದದ್ದು ಅದೇ ಮೊದಲು.

ಆಯಮ್ಮ ಗೋಡೆ ಹಿಡಿದುಕೊಂಡು ಎದ್ದು ಬಾಗಿಲ ಬಳಿಯ ಫೈಲಿನ ಗೂಡಿನ ತನಕ ಹೋದಳು. ಹದಿನಾಲ್ಕು ಫೈಲು. ಹದಿನಾಲ್ಕಕ್ಕೂ ಎರಡೆರಡು ಗಂಟು. ಅಚ್ಚುಕಟ್ಟಾದ, ಒಂದೇ ಅಳತೆಯ ಗಂಟುಗಳು. ಹಾಗೆ ಹಾಕುವ ಕೈ ಆ ವಾರ್ಡಿನಲ್ಲಿ ಒಂದೇ ಇತ್ತು.

"ನಿನ್ನೆ ರಾತ್ರಿ ಸಿಸ್ಟರು ಊಟಕ್ಕೆ ಹೋದಾಗ ಹಾಕಿದೆ ಅಕ್ಕ," ಎಂದಳು ಟೈಲರಮ್ಮ, ಮಂಚದ ಮೇಲೆ ಕೂತು ಗುಂಡಿ ಹೊಲಿಯುತ್ತ. "ದಾರ ಸಡಿಲ ಇತ್ತು. ಒಂದು ಗಂಟಿಗೆ ಯಾವ ಟೈಲರೂ ನಂಬಿಕೆ ಇಡಲ್ಲ."

"ನಿಂಗೆ ಗೊತ್ತಿತ್ತಾ, ಅದರ ಅರ್ಥ?"

"ಬಂದ ಎರಡನೇ ದಿನವೇ ಗೊತ್ತಾಯ್ತು. ಬಾಳೆಹಣ್ಣಿನವಳು ಹೇಳಿದ್ಲು."

"ಹಾಳಾದವಳೇ, ನಿನ್ನಿಂದ ನಾನು ರಕ್ತ ಕೊಟ್ಟೆನಲ್ಲೇ," ಎಂದು ಆಯಮ್ಮ ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ಮೇಷ್ಟ್ರನ್ನು ಕರೆಸಿ ರಕ್ತ ವಾಪಸು ಕೇಳಿದಳು. ಕೊಟ್ಟ ಒಪ್ಪಿಗೆ ಹಿಂತೆಗೆದುಕೊಳ್ಳಲು ಒಂದು ಫಾರಂ ಇದೆ, ಆದರೆ ಅದು ಮುಗಿದು ಎರಡು ವರ್ಷವಾಯಿತು ಎಂದರು ಅವರು.

ಮರುದಿನ ಪ್ಲೈವುಡ್ಡಿನ ಗೂಡಿನಲ್ಲಿ ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಆಯಮ್ಮ ಅಂದಳು: "ಮೆಲ್ಲಗೆ ಹೇಳಿ." ಅವರು ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಹೇಳಿದರು. ಇತ್ತು. ಎರಡೂ ಇತ್ತು.

ಅವಳು ಅಳಲಿಲ್ಲ. ಅತ್ತದ್ದು ಸಂಜೆ, ಮಗಳು ಬಂದ ಮೇಲೆ. ಹೇಗೆ ಹೇಳಲಿ ಎಂದು ಮೂರು ಸಲ ಸುತ್ತಿ ಬಳಸಿ, ನಾಲ್ಕನೇ ಸಲ ಹೇಳಿದಳು. ಮಗಳು ಬಾಚಣಿಗೆ ಕೆಳಗಿಟ್ಟಳು.

"ನಂಗೆ ಗೊತ್ತಿತ್ತಮ್ಮ. ಆವತ್ತು ಅಪ್ಪನ ತಟ್ಟೆ ಕಿಟಕಿ ಮೇಲೆ ಇಟ್ಟು ಹೋದ್ಲಲ್ಲ, ನಿನ್ನ ಮುಖ ನೋಡಿದೆ. ಅದೇ ತಿಂಗಳು ಹೋಗಿ ನನ್ನ ರಕ್ತ ಪರೀಕ್ಷೆ ಮಾಡಿಸ್ಕೊಂಡೆ. ನಂಗಿಲ್ಲ."

"ನಂಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ? ಪರೀಕ್ಷೆ ಮಾಡಿಸ್ಕೊಂಡೆ ಅಂದ್ರೇ ಸಾಕು, ನಂಗೂ ಕಿಟಕಿ ಮೇಲೆ ತಟ್ಟೆ ಇಡ್ತೀಯೇನೋ ಅಂತ ಹೆದರಿಕೆ ಇತ್ತು."

ಆಗ ಅತ್ತಳು ಆಯಮ್ಮ. ಎಂಟು ವರ್ಷ ಮಗಳು ತನ್ನ ಎದುರಿಗೇ ಕೂತು ಉಂಡಿದ್ದಳು, ಹೆದರಿಕೊಂಡು ಉಂಡಿದ್ದಳು. ಬಾಗಿಲಲ್ಲೇ ಎಲ್ಲರ ರೋಗ ಓದುವ ಕಣ್ಣಿಗೆ ಅದೊಂದು ಕಾಣಿಸಿರಲಿಲ್ಲ.

ಬೇರೆ ಮಾತ್ರೆ ಶುರುವಾಯಿತು. ಬಿಳಿ ಪದರ ಹತ್ತು ದಿನಕ್ಕೆ ಹೋಯಿತು, ಜ್ವರ ನಿಧಾನಕ್ಕೆ ಇಳಿಯಿತು. ಟೈಲರಮ್ಮ ಮನೆಗೆ ಹೋಗುವ ದಿನ ಆಯಮ್ಮನ ಸಡಿಲವಾದ ಎರಡು ರವಿಕೆ ಹಿಡಿದು ಹೊಲಿದುಕೊಟ್ಟು, "ಮೈ ತುಂಬಿಕೊಂಡ ಮೇಲೆ ಹೊಲಿಗೆ ಬಿಚ್ಕೊಳ್ಳಿ, ಒಳಗೆ ಬಟ್ಟೆ ಬಿಟ್ಟಿದೀನಿ," ಎಂದಳು. ಐದು ತಿಂಗಳಿಗೆ ಆಯಮ್ಮ ಆ ಹೊಲಿಗೆ ಬಿಚ್ಚಿಸಬೇಕಾಯಿತು. ಆ ಹೊತ್ತಿಗೆ ಕೆಲಸಕ್ಕೂ ಮರಳಿದಳು.

ಯಾರಿಗೂ ಏನೂ ಗೊತ್ತಿರಲಿಲ್ಲ. ವರದಿ ಗುಟ್ಟಾಗಿತ್ತು, ಆ ಆಸ್ಪತ್ರೆಯಲ್ಲಿ ಗುಟ್ಟು ಹೇಗಿರುತ್ತದೋ ಹಾಗೆ. ಹೆಡ್ ಸಿಸ್ಟರು ಬಾಗಿಲಲ್ಲೇ, "ಬಂದ್ರಾ ಆಯಮ್ಮ, ನೀವಿಲ್ದೆ ವಾರ್ಡು ವಾರ್ಡಾಗಿರಲಿಲ್ಲ," ಎಂದರು. ಲಿಫ್ಟಿನವನು ನಕ್ಕ, ನಕ್ಕು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಹನ್ನೊಂದು ಗಂಟೆಗೆ ಟೀ ಬಂತು. ಸಿಸ್ಟರುಗಳ ಕೋಣೆಯಲ್ಲಿ ಎಂಟು ಸ್ಟೀಲ್ ಲೋಟ, ಎಂಟೂ ಒಂದೇ ಬಗೆಯವು, ಇಪ್ಪತ್ತಾರು ವರ್ಷ ಒಂದೇ ತಟ್ಟೆಯಲ್ಲಿ ಬಂದವು. ಈಗ ತಟ್ಟೆಯಲ್ಲಿ ಏಳಿದ್ದವು. ಎಂಟನೆಯದು, ಟೀ ತುಂಬಿ, ಕಿಟಕಿಯ ಕಟ್ಟೆಯ ಮೇಲೆ ಕೂತಿತ್ತು.

ಆಯಮ್ಮ ಅದನ್ನು ನೋಡಿದಳು. ಅದೇ ಎತ್ತರದ ಕಟ್ಟೆ. ಎಷ್ಟು ಸಾವಿರ ತಟ್ಟೆಗಳನ್ನು ವಾರ್ಡಿನ ಅಂಥದೇ ಕಟ್ಟೆಯ ಮೇಲೆ ಇಟ್ಟಿದ್ದಳೋ, ಇಟ್ಟ ಸದ್ದು ಕೇಳಿ ಮಂಚದಲ್ಲಿದ್ದವರು ಹೇಗೆ ಕಣ್ಣು ಮುಚ್ಚುತ್ತಿದ್ದರೋ, ಈಗ ಒಬ್ಬೊಬ್ಬರ ಮುಖವೂ ನೆನಪಾಯಿತು. ಅಲ್ಲೇ ನಿಂತು ಟೀ ಕುಡಿದಳು. ಎಲ್ಲರೂ ಕುಡಿದು ಹೋಗುವ ತನಕ ಕಾದಳು. ಆಮೇಲೆ ಎಂಟೂ ಲೋಟಗಳನ್ನು ಒಂದೇ ಬೋಗುಣಿಗೆ ಹಾಕಿ, ಚೆನ್ನಾಗಿ ಬೆರೆಸಿ ತೊಳೆದು, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಬೋರಲು ಹಾಕಿದಳು.

ಮೂರು ಗಂಟೆಯ ಟೀಗೆ ಹೆಡ್ ಸಿಸ್ಟರು ಬಂದರು. ಕಟ್ಟೆಯ ಬಳಿ ಹೋದವರು ಕೈ ಚಾಚಿ, ಹಾಗೇ ನಿಂತರು.

"ಆಯಮ್ಮ, ಇದರಲ್ಲಿ ನಿಮ್ಮದು ಯಾವುದು?"

ಆಯಮ್ಮ ನೆಲ ಒರೆಸುತ್ತಿದ್ದಳು, ತಲೆ ಎತ್ತಲಿಲ್ಲ.

"ಕಣ್ಣಳತೆಯಲ್ಲಿ ನೀವೇ ಹೇಳಿ ಸಿಸ್ಟರ್," ಎಂದಳು.